ಶಾಲೆಯಂಗಳದಲ್ಲಿ ಸಿನಿಮಾ

ಶಾಲೆಯಲ್ಲಿ ಮಕ್ಕಳಿಗೂ ಮನೆಯವರಿಗೂ ಒಂದು ಸಂಜೆ ಸಿನಿಮಾ ಇಟ್ಟುಕೊಳ್ಳುತ್ತೀರಾ? ಒಳ್ಳೆಯದೇ. ಆದರೆ ಊರಿಗೆಲ್ಲ ಡಂಗುರ ಸಾರಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಾಲೆಗಳಿಗೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಟಿಕೆಟ್ ಮಾರುವ ಆಸೆಯನ್ನೂ ಬಿಡಿ.

ಯಾವ ಚಿತ್ರ? ನನ್ನ ಓಟು 1993ರ ‘ಚಿನ್ನಾರಿ ಮುತ್ತ’ಕ್ಕೆ. ಕಾಸರಗೋಡಿನ ಕನ್ನಡ ಶಾಲೆಯ ಕಥೆಯಿರುವ ರಿಷಬ್ ಶೆಟ್ಟಿಯವರ 2018ರ ಚಿತ್ರವೂ ಚೆನ್ನ, ಆದರೆ ಎರಡು ಗಂಟೆ ಮೀರುತ್ತದೆ. ಪುಟಾಣಿಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿರುತ್ತಾರೆ. ನಡುವೆ ಬಿಡುವು ಕೊಟ್ಟು ಚುರುಮುರಿ ಹಂಚಿ.

ಬಯಲಲ್ಲಾದರೆ ಪೂರ್ತಿ ಕತ್ತಲಾಗುವವರೆಗೆ ಕಾಯಿರಿ, ಬೆಳಕಿದ್ದರೆ ಪ್ರೊಜೆಕ್ಟರ್ ಚಿತ್ರ ಮಸುಕು. ಪರದೆ ಬಿಳಿ ಪಂಚೆಯಾದರೂ ನಡೆದೀತು, ಮಾತು ಕೇಳಿಸದಿದ್ದರೆ ಗಲಾಟೆ ಖಂಡಿತ. ಸ್ಪೀಕರನ್ನು ಹಿಂದಿನ ದಿನವೇ ಹಾಕಿ ನೋಡಿ. ವೈರುಗಳನ್ನು ಗೋಡೆಗುಂಟ ಎಳೆಯಿರಿ.