ಬ್ರಿಟನ್ನಿನ ಕಾಲೇಜಿಗೆ ಶುಲ್ಕ ಕಟ್ಟುವ ಮುನ್ನ

ಹೊಸ ಊರಿನ ಗಿರಾಕಿಗೆ ಐದು ಲಕ್ಷ ರೂಪಾಯಿಯ ಸರಕನ್ನು ಉದ್ರಿ ಕೊಡುವ ಮೊದಲು ವರ್ತಕನಾದವನು ಎಷ್ಟೊಂದು ವಿಚಾರಣೆ ಮಾಡುತ್ತಾನೆ ಎಂಬುದು ಪೇಟೆಯಲ್ಲಿ ಇರುವವರಿಗೆಲ್ಲ ತಿಳಿದ ಸಂಗತಿ. ಆ ಊರಿನ ದಲಾಲರನ್ನು ಕೇಳುತ್ತಾನೆ, ಬ್ಯಾಂಕಿನಲ್ಲಿ ವಿಚಾರಿಸುತ್ತಾನೆ, ಜಿ.ಎಸ್.ಟಿ. ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತಾನೆ. ಅದೇ ವರ್ತಕನು ಮಗನನ್ನೋ ಮಗಳನ್ನೋ ಇಂಗ್ಲೆಂಡಿಗೆ ಓದಲು ಕಳುಹಿಸುವಾಗ, ಏಜೆಂಟನು ಕೊಟ್ಟ ಬಣ್ಣದ ಪುಸ್ತಿಕೆಯನ್ನು ನಂಬಿ ಇದರ ಎಷ್ಟೋ ಪಟ್ಟು ಹಣವನ್ನು ಮುಂಗಡವಾಗಿ ರವಾನಿಸಿಬಿಡುತ್ತಾನೆ. ವರ್ಷದ ಶುಲ್ಕವನ್ನು ಮುಂಗಡ ಕೊಟ್ಟ ತಂದೆಯ ಸ್ಥಾನವು, ಕಾನೂನಿನ ದೃಷ್ಟಿಯಲ್ಲಿ, ಭದ್ರತೆಯಿಲ್ಲದೆ ಸಾಲ ಕೊಟ್ಟವನ ಸ್ಥಾನಕ್ಕಿಂತ ಬೇರೆಯಲ್ಲ. ಕಾಲೇಜು ಬಾಗಿಲು ಹಾಕಿದರೆ ಉಳಿದ ಬಾಕಿದಾರರ ಸಾಲಿನಲ್ಲಿ ಅವನೂ ನಿಲ್ಲಬೇಕಾಗುತ್ತದೆ. ಹಣದೊಂದಿಗೆ ಮಗನ ಒಂದೆರಡು ವರ್ಷಗಳೂ ಹೋಗಿರುತ್ತವೆ.

ಕಾಲೇಜು ಎಂಬ ಶಬ್ದ

ಕರ್ನಾಟಕದಲ್ಲಿ ಕಾಲೇಜು ಎಂದರೆ ಯಾವುದೋ ಒಂದು ವಿಶ್ವವಿದ್ಯಾಲಯಕ್ಕೋ ಮಂಡಳಿಗೋ ಸೇರಿದ ಸಂಸ್ಥೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ. ವಿಶ್ವವಿದ್ಯಾಲಯ ಎಂದು ಹೆಸರಿಟ್ಟುಕೊಳ್ಳಲು ಅಲ್ಲಿ ಅನುಮತಿ ಬೇಕು. ಬರಿಯ ಕಾಲೇಜು ಎಂದು ಹೆಸರಿಡುವುದಕ್ಕೆ ಅಂಥ ಬಿಗಿ ಇಲ್ಲದ ಕಾರಣ, ಆಕ್ಸ್‌ಫರ್ಡಿನ ಶತಮಾನಗಳಷ್ಟು ಹಳೆಯ ವಿದ್ಯಾಲಯವೂ ಲಂಡನ್ನಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೊಠಡಿ ಬಾಡಿಗೆಗೆ ಹಿಡಿದ ಪ್ರೈವೇಟ್ ಲಿಮಿಟೆಡ್ ಕಂಪನಿಯೂ ಅದೇ ಹೆಸರಿನಿಂದ ಕರೆಯಲ್ಪಡುತ್ತವೆ.

ಇವೆರಡರ ನಡುವೆ ಇರುವುದೇ 'ಫರ್ದರ್ ಎಜುಕೇಷನ್' ಕಾಲೇಜುಗಳ ವರ್ಗ. ಕರ್ನಾಟಕದ ಪದವಿಪೂರ್ವ ಕಾಲೇಜು, ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದರೆ ಹೇಗಿರುತ್ತದೆಯೋ ಹೆಚ್ಚುಕಡಿಮೆ ಹಾಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇವು ಮೊದಲು ಸ್ಥಳೀಯ ಸಂಸ್ಥೆಗಳ ಅಧೀನದಲ್ಲಿದ್ದವು. 1992ರ ಕಾಯ್ದೆಯ ಮೇರೆಗೆ 1993ರ ಏಪ್ರಿಲ್ 1ರಿಂದ ಸ್ವತಂತ್ರ ನಿಗಮಗಳಾದವು. ಮುಖ್ಯವಾಗಿ ಸರ್ಕಾರದ ಅನುದಾನದಿಂದ ನಡೆಯುವ ಇವುಗಳ ಬೋಧನೆಯನ್ನು ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಎಂಬ ತನಿಖಾ ಸಂಸ್ಥೆಯು ಪರಿಶೀಲಿಸಿ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ.

ಕಲಿಸುವವರು ಯಾರು, ಪ್ರಮಾಣಪತ್ರ ಕೊಡುವವರು ಯಾರು

ಬ್ರಿಟಿಷ್ ವೃತ್ತಿಶಿಕ್ಷಣದಲ್ಲಿ ಕಲಿಸುವ ಕಾಲೇಜು ಬೇರೆ, ಪ್ರಮಾಣಪತ್ರ ನೀಡುವ ಸಂಸ್ಥೆ ಬೇರೆ. ಸಿಟಿ ಅಂಡ್ ಗಿಲ್ಡ್ಸ್ ಎಂಬ ಹೆಸರು 1878ರಿಂದ ಇದೆ. ಎಚ್.ಎನ್.ಡಿ. ಮತ್ತು ಬಿಟೆಕ್ ಎಂಬ ಅರ್ಹತೆಗಳನ್ನು ಪಿಯರ್ಸನ್ ಸಂಸ್ಥೆ ನೀಡುತ್ತದೆ. ಈ ಬಿಟೆಕ್‌ಗೂ ಭಾರತದ ಬಿ.ಟೆಕ್. ಪದವಿಗೂ ಯಾವ ಸಂಬಂಧವೂ ಇಲ್ಲ. ಉಚ್ಚಾರ ಒಂದೇ ಎಂಬುದನ್ನು ಏಜೆಂಟರು ವಿವರಿಸಲು ಹೋಗುವುದಿಲ್ಲ.

ಇಂಗ್ಲೆಂಡಿನ ಅರ್ಹತೆಗಳನ್ನು, ಆರಂಭಿಕ ಹಂತವನ್ನು ಬಿಟ್ಟು, 1ರಿಂದ 8ರವರೆಗೆ ಶ್ರೇಣೀಕರಿಸಲಾಗಿದೆ. ಅಲ್ಲಿನ ಎ-ಲೆವೆಲ್ 3ನೆಯ ಹಂತ, ಎಚ್.ಎನ್.ಸಿ. 4, ಎಚ್.ಎನ್.ಡಿ. 5, ಪದವಿ 6, ಸ್ನಾತಕೋತ್ತರ 7. ಸ್ಕಾಟ್ಲೆಂಡಿನಲ್ಲಿ 12 ಹಂತಗಳ ಬೇರೆಯೇ ಪದ್ಧತಿ ಇರುವುದರಿಂದ, ಎಡಿನ್‌ಬರೋದ '7ನೆಯ ಹಂತ'ವನ್ನು ಲಂಡನ್ನಿನ 7ನೆಯ ಹಂತವೆಂದು ಎಣಿಸಿದರೆ ಲೆಕ್ಕವೇ ತಪ್ಪುತ್ತದೆ. ಇಂಗ್ಲೆಂಡಿನ ವೃತ್ತಿ ಅರ್ಹತೆಗಳ ಅಧಿಕೃತ ಪಟ್ಟಿಯನ್ನು ಆಫ್‌ಕ್ವಾಲ್ ಎಂಬ ನಿಯಂತ್ರಣ ಸಂಸ್ಥೆ ಇಟ್ಟಿದೆ. ಪುಸ್ತಿಕೆಯಲ್ಲಿರುವ ಕೋರ್ಸಿನ ಸಂಖ್ಯೆ ಆ ಪಟ್ಟಿಯಲ್ಲಿ ಸಿಗದಿದ್ದರೆ, ಅದು ವಿಶ್ವವಿದ್ಯಾಲಯವೊಂದು ತಾನೇ ನೀಡುವ ಪದವಿಯೇ ಎಂದು ಕೇಳತಕ್ಕದ್ದು. ಅದೂ ಅಲ್ಲವಾದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಎ.ಸಿ.ಸಿ.ಎ. ಇದಕ್ಕೆ ಒಳ್ಳೆಯ ಉದಾಹರಣೆ. 1904ರಲ್ಲಿ ಸ್ಥಾಪನೆಯಾದ ಈ ಲೆಕ್ಕಿಗರ ಸಂಸ್ಥೆಯ ಪರೀಕ್ಷೆಗೆ ತರಬೇತಿ ಕೊಡುವ ಖಾಸಗಿ ಕಾಲೇಜುಗಳು ಒಂದು ಕಾಲಕ್ಕೆ ಲಂಡನ್ನಿನಲ್ಲಿ ಬಹಳವಾಗಿದ್ದವು. ಕಾಲೇಜು ಮುಚ್ಚಿದರೂ ತೇರ್ಗಡೆಯಾದ ಪತ್ರಿಕೆಗಳು ವಿದ್ಯಾರ್ಥಿಯ ಹೆಸರಿನಲ್ಲಿಯೇ ಉಳಿಯುತ್ತವೆ ಎಂಬುದು ನಿಜ. ಆದರೆ ಅದೇ ಪರೀಕ್ಷೆಯನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು. ಅದನ್ನು ಮುಗಿಸಿದವನು ಭಾರತದಲ್ಲಿ ಕಂಪನಿಯ ಲೆಕ್ಕಪರಿಶೋಧನಾ ವರದಿಗೆ ಸಹಿ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಸದಸ್ಯತ್ವವೇ ಬೇಕು. ರತ್ನಪರೀಕ್ಷೆಯ ವಿಷಯವೂ ಹೀಗೆಯೇ. 1908ರಷ್ಟು ಹಳೆಯದಾದ ಬ್ರಿಟಿಷ್ ರತ್ನಶಾಸ್ತ್ರ ಸಂಘದ ಡಿಪ್ಲೊಮಾವನ್ನು ದೂರಶಿಕ್ಷಣದ ಮೂಲಕವೂ ಓದಬಹುದು. ಹರಳಿನ ವ್ಯಾಪಾರಿಯ ಮಗಳು ಅದಕ್ಕಾಗಿಯೇ ಲಂಡನ್ನಿನಲ್ಲಿ ಮನೆ ಬಾಡಿಗೆ ಕಟ್ಟಬೇಕಾಗಿಲ್ಲ.

ಅಲ್ಲಿಗೇ ಹೋಗಿ ಕಲಿಯತಕ್ಕ ವಿದ್ಯೆಯೂ ಉಂಟು. ಬರ್ಮಿಂಗ್‌ಹ್ಯಾಮಿನ ಆಭರಣ ಪೇಟೆಯ ನಡುವೆ 1890ರಲ್ಲಿ ನೆಲೆಗೊಂಡ ಸ್ಕೂಲ್ ಆಫ್ ಜ್ಯುವೆಲರಿ ಈಗ ಬರ್ಮಿಂಗ್‌ಹ್ಯಾಮ್ ಸಿಟಿ ವಿಶ್ವವಿದ್ಯಾಲಯದ ಅಂಗ. 1894ರಲ್ಲಿ ಆರಂಭವಾದ ನ್ಯಾಷನಲ್ ಬೇಕರಿ ಸ್ಕೂಲ್ ಲಂಡನ್ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಂಥ ಕಸುಬಿನ ಶಾಲೆಗಳು ವಿಶ್ವವಿದ್ಯಾಲಯದ ಆಶ್ರಯದಲ್ಲಿರುವುದು ವೀಸಾ ದೃಷ್ಟಿಯಿಂದಲೂ ಮಹತ್ವದ್ದೆಂಬುದು ಮುಂದೆ ತಿಳಿಯುವುದು.

ಪರವಾನಗಿ ಹೋದರೆ

2009ರ ಮಾರ್ಚ್ ಅಂತ್ಯದಿಂದ, ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ಬ್ರಿಟಿಷ್ ಗೃಹ ಇಲಾಖೆಯಿಂದ ಪರವಾನಗಿ ಪಡೆಯಬೇಕಾಯಿತು. ಅದೇ ವರ್ಷ ಅಲ್ಲಿನ ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯು ನಕಲಿ ಕಾಲೇಜುಗಳ ಬಗೆಗೇ ಒಂದು ವರದಿ ನೀಡಿತು. 2011ರ ಜುಲೈನಿಂದ ಖಾಸಗಿ ಕಾಲೇಜಿಗೆ ಹೊಸದಾಗಿ ಸೇರುವವರಿಗೆ ದುಡಿಯುವ ಹಕ್ಕು ಇಲ್ಲವಾಯಿತು. 2012ರ ಆಗಸ್ಟಿನಲ್ಲಿ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಪರವಾನಗಿಯೇ ರದ್ದಾಗಿ ಎರಡು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಅತಂತ್ರರಾದರು. ಮರುವರ್ಷ ಆ ವಿಶ್ವವಿದ್ಯಾಲಯಕ್ಕೆ ಪರವಾನಗಿ ಮರಳಿ ದೊರೆಯಿತೆನ್ನಿ. 2014ರ ಜೂನ್‌ನಲ್ಲಿ, ಇಂಗ್ಲಿಷ್ ಪರೀಕ್ಷೆಯಲ್ಲಿ ನಡೆದ ವಂಚನೆಯ ತನಿಖೆಯ ಹಿನ್ನೆಲೆಯಲ್ಲಿ, ಒಂದೇ ದಿನ 57 ಖಾಸಗಿ ಕಾಲೇಜುಗಳ ಪರವಾನಗಿಯನ್ನು ಅಮಾನತಿನಲ್ಲಿಡಲಾಯಿತು.

ಪರವಾನಗಿ ರದ್ದಾದಾಗ, ತಪ್ಪು ಮಾಡದ ವಿದ್ಯಾರ್ಥಿಗೂ ಸಾಮಾನ್ಯವಾಗಿ ಸಿಗುವ ಅವಧಿ 60 ದಿನಗಳು. ಅಷ್ಟರೊಳಗೆ ಬೇರೆ ಸಂಸ್ಥೆಯಲ್ಲಿ ಸೀಟು ಹಿಡಿದು ಹೊಸದಾಗಿ ವೀಸಾ ಅರ್ಜಿ ಹಾಕಬೇಕು, ಇಲ್ಲವೇ ಊರಿಗೆ ಮರಳಬೇಕು. ಕಟ್ಟಿದ ಶುಲ್ಕವನ್ನು ಮರಳಿ ಕೊಡಿಸುವ ಹೊಣೆಯನ್ನು ಗೃಹ ಇಲಾಖೆ ಹೊರುವುದಿಲ್ಲ.

ಆದ್ದರಿಂದ ಮೊದಲು ನೋಡತಕ್ಕದ್ದು ಬ್ರಿಟಿಷ್ ಸರ್ಕಾರವು ತನ್ನ ಜಾಲತಾಣದಲ್ಲಿ ಆಗಾಗ ಪರಿಷ್ಕರಿಸಿ ಪ್ರಕಟಿಸುವ ವಿದ್ಯಾರ್ಥಿ ಪ್ರಾಯೋಜಕರ ಪಟ್ಟಿಯನ್ನು. ಸಂಸ್ಥೆಯ ಹೆಸರು ಅಕ್ಷರಶಃ ಹೊಂದಬೇಕು. ಹೆಸರಾಂತ ಕಾಲೇಜಿನ ಹೆಸರಿಗೆ ಒಂದು ಶಬ್ದ ಕೂಡಿಸಿ ಬೋರ್ಡು ಬರೆಸುವ ಚಾಳಿ ಎಲ್ಲ ದೇಶಗಳಲ್ಲಿಯೂ ಇದೆ. ಪಟ್ಟಿಯಲ್ಲಿ ಸಂಸ್ಥೆಯ ಸ್ಥಿತಿಯನ್ನೂ ಬರೆದಿರುತ್ತಾರೆ. ನಿಯಮಪಾಲನೆಯ 'ಟ್ರ್ಯಾಕ್ ರೆಕಾರ್ಡ್' ಇರುವ ಸಂಸ್ಥೆಗೂ 'ಪ್ರೊಬೇಷನರಿ' ಎಂದು ಬರೆಸಿಕೊಂಡ ಸಂಸ್ಥೆಗೂ ಬಹಳ ಅಂತರವಿದೆ. ಸರ್ಕಾರಿ ಅನುದಾನದ ಕಾಲೇಜುಗಳೆಲ್ಲಕ್ಕೂ ಈ ಪರವಾನಗಿ ಇದೆ ಎಂದು ಭಾವಿಸಲಾಗದು.

ದುಡಿಮೆಯ ವಿಷಯದಲ್ಲಿಯೂ ಭ್ರಮೆ ಬೇಡ. 2015ರ ಆಗಸ್ಟಿನಿಂದ ಸರ್ಕಾರಿ ಅನುದಾನದ ಫರ್ದರ್ ಎಜುಕೇಷನ್ ಕಾಲೇಜುಗಳಿಗೆ ಸೇರುವ ಹೊಸ ವಿದ್ಯಾರ್ಥಿಗಳೂ ದುಡಿಯುವ ಹಕ್ಕನ್ನು ಕಳೆದುಕೊಂಡರು. ಅದೇ ವರ್ಷ ಪದವಿಗಿಂತ ಕೆಳಗಿನ ಕಾಲೇಜು ವ್ಯಾಸಂಗದ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ನಿಯಮಪಾಲನೆಯ ದಾಖಲೆಯುಳ್ಳ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಓದುವವನಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ, ಪದವಿಗಿಂತ ಕೆಳಗಿನ ಕೋರ್ಸಿನವನಿಗೆ 10 ಗಂಟೆ ದುಡಿಯಲು ಅವಕಾಶ. ಓದು ಮುಗಿದ ಬಳಿಕ ಉಳಿದು ಕೆಲಸ ಮಾಡಲು 2021ರಲ್ಲಿ ತೆರೆದ ಗ್ರ್ಯಾಜುಯೇಟ್ ವೀಸಾ ಕೂಡ ಸಾಮಾನ್ಯವಾಗಿ ಪದವೀಧರರಿಗೇ ಮೀಸಲು. 'ಓದುತ್ತ ದುಡಿದು ಶುಲ್ಕ ತೀರಿಸಬಹುದು' ಎಂದು ಡಿಪ್ಲೊಮಾ ಮಾರುವ ಏಜೆಂಟನು ಹೇಳಿದರೆ, ಅವನಿಗೆ ದಲಾಲಿ ಕೊಡುವವರು ಯಾರು ಎಂದು ಕೇಳತಕ್ಕದ್ದು. ಬಹುಪಾಲು ಸಂದರ್ಭಗಳಲ್ಲಿ ಅದನ್ನು ಕೊಡುವುದು ಕಾಲೇಜು. ಮಾರುವವನ ದಲಾಲನಿಂದ ಕೊಳ್ಳುವವನ ಹಿತವನ್ನು ಎಷ್ಟರಮಟ್ಟಿಗೆ ನಿರೀಕ್ಷಿಸಬಹುದೆಂದು ವರ್ತಕರಿಗೆ ಹೇಳಬೇಕಾಗಿಲ್ಲ.

ಕಾಲೇಜಿನ ಅಢಾವೆ ಪತ್ರಿಕೆ

ತಂದೆಯು ತನ್ನ ಅನುಭವದಿಂದಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅದನ್ನು ಮಾಡುವವರು ವಿರಳ. ಖಾಸಗಿ ಕಾಲೇಜು ಸಾಮಾನ್ಯವಾಗಿ ಒಂದು ಕಂಪನಿ. ಬ್ರಿಟನ್ನಿನ ಕಂಪನಿಗಳ ದಾಖಲೆಗಳನ್ನು ಕಂಪನೀಸ್ ಹೌಸ್ ಎಂಬ ಕಚೇರಿಯು 2015ರ ಜೂನ್‌ನಿಂದ ಜಾಲತಾಣದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಹಾವೇರಿಯಲ್ಲೋ ಗದಗಿನಲ್ಲೋ ಕುಳಿತು, ಕಾಲೇಜಿನ ಪ್ರವೇಶ ಪತ್ರದಲ್ಲಿರುವ ಕಂಪನಿ ಸಂಖ್ಯೆಯನ್ನು ಹಾಕಿದರೆ ಸಾಕು.

ಕಂಪನಿ ಎಂದು ನೋಂದಣಿಯಾಯಿತು ಎಂಬುದನ್ನು ಮೊದಲು ನೋಡಬೇಕು. 'ಮೂವತ್ತು ವರ್ಷಗಳ ಪರಂಪರೆ' ಎಂದು ಪುಸ್ತಿಕೆಯಲ್ಲಿದ್ದು ನೋಂದಣಿ ಮೂರು ವರ್ಷಗಳ ಹಿಂದಿನದಾದರೆ ವಿವರಣೆ ಕೇಳಬೇಕು. ಲೆಕ್ಕಪತ್ರ ಸಲ್ಲಿಸುವ ಗಡುವು ಮೀರಿದೆಯೇ, ನಿರ್ದೇಶಕರು ಮತ್ತು ನೋಂದಾಯಿತ ವಿಳಾಸ ಮೇಲಿಂದ ಮೇಲೆ ಬದಲಾಗುತ್ತಿವೆಯೇ, ಆಸ್ತಿಯ ಮೇಲೆ ಬ್ಯಾಂಕಿನ ಹೊರೆ ಇದೆಯೇ ಎಂಬುದೆಲ್ಲ ಅಲ್ಲಿಯೇ ಕಾಣುತ್ತದೆ. ಚಿಕ್ಕ ಕಂಪನಿಗಳು ಲಾಭನಷ್ಟದ ಪಟ್ಟಿಯನ್ನು ಬಹಿರಂಗಪಡಿಸದಿರುವ ಸಂಭವವಿದೆ, ಆದರೆ ಅಢಾವೆ ಪತ್ರಿಕೆ ಇದ್ದೇ ಇರುತ್ತದೆ. ಅದರಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಬಾಧ್ಯತೆಗಳ ಮೊತ್ತವನ್ನು ಕೈಯಲ್ಲಿರುವ ನಗದಿನೊಡನೆ ಹೋಲಿಸಿ ನೋಡತಕ್ಕದ್ದು. ವಿದ್ಯಾರ್ಥಿಗಳಿಂದ ಮುಂಗಡ ಪಡೆದ ಶುಲ್ಕವೂ ಬಾಧ್ಯತೆಗಳಲ್ಲಿಯೇ ಸೇರಿರುತ್ತದೆ. ಮುಂಗಡ ಶುಲ್ಕ ದೊಡ್ಡದಿದ್ದು ನಗದು ಚಿಕ್ಕದಿದ್ದರೆ, ಈ ವರ್ಷದ ಮಕ್ಕಳ ಹಣದಿಂದ ಹೋದ ವರ್ಷದ ಬಾಡಿಗೆ ತೀರುತ್ತಿದೆ ಎಂದೇ ಊಹಿಸಬೇಕಾಗುತ್ತದೆ. ಚೀಟಿ ವ್ಯವಹಾರ ಮುಳುಗಿದ್ದನ್ನು ಕಂಡವರಿಗೆ ಇದರ ಲಕ್ಷಣ ಹೊಸದಲ್ಲ.

ಸರ್ಕಾರಿ ಅನುದಾನದ ಕಾಲೇಜುಗಳೂ ಜುಲೈ 31ಕ್ಕೆ ಮುಗಿಯುವ ವರ್ಷದ ಲೆಕ್ಕಪತ್ರಗಳನ್ನು ಪ್ರಕಟಿಸುತ್ತವೆ. ಇವು ಎಂದೂ ಮುಳುಗವು ಎಂಬ ನಂಬಿಕೆಯೂ ಈಗ ಉಳಿದಿಲ್ಲ. 2017ರ ಕಾಯ್ದೆಯ ಮೂಲಕ ಇವುಗಳಿಗಾಗಿ ವಿಶೇಷ ದಿವಾಳಿ ಪದ್ಧತಿಯೊಂದು ರಚಿತವಾಗಿ 2019ರ ಜನವರಿ ಕೊನೆಯಿಂದ ಜಾರಿಗೆ ಬಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಕೆಂಟ್ ಪ್ರಾಂತದ ಹ್ಯಾಡ್ಲೋ ಕಾಲೇಜು ಅದಕ್ಕೆ ಮೊದಲು ಒಳಗಾಯಿತು. ಆದರೆ ಈ ಪದ್ಧತಿಯಲ್ಲಿ ಆಡಳಿತಾಧಿಕಾರಿಯು ಸೇರಿರುವ ವಿದ್ಯಾರ್ಥಿಗಳ ಓದಿಗೆ ಅಡಚಣೆಯಾಗದಂತೆ ನೋಡಿಕೊಳ್ಳಬೇಕು. ಖಾಸಗಿ ಕಂಪನಿಯ ದಿವಾಳಿಯಲ್ಲಿ ಈ ರಕ್ಷಣೆ ಇರುವುದಿಲ್ಲ.

ಹಣ ಕಳುಹಿಸುವ ಕ್ರಮ

ಶುಲ್ಕವನ್ನು ಏಜೆಂಟನ ಖಾತೆಗೆ ಕಟ್ಟಬಾರದು. ಬ್ಯಾಂಕಿನ ಮೂಲಕ ನೇರವಾಗಿ ಕಾಲೇಜಿನ ಹೆಸರಿಗೇ ಹೋಗಬೇಕು. ವೀಸಾ ನಿರಾಕರಣೆಯಾದರೆ ಎಷ್ಟು ಹಿಂದಿರುಗುತ್ತದೆ ಎಂಬ ಷರತ್ತನ್ನು ಮೊದಲೇ ಬರಹದಲ್ಲಿ ಪಡೆಯಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ 2015ರಿಂದ ಒಬ್ಬ ವ್ಯಕ್ತಿಗೆ ಹಣಕಾಸು ವರ್ಷವೊಂದಕ್ಕೆ 2,50,000 ಡಾಲರಿನ ಮಿತಿ ಇದೆ. ಈ ರವಾನೆಯ ಮೇಲೆ ಮೂಲದಲ್ಲಿ ತೆರಿಗೆ ಸಂಗ್ರಹಿಸುವ ಕ್ರಮ 2020ರ ಅಕ್ಟೋಬರಿನಲ್ಲಿ ಬಂದಿತು. 2025ರ ಏಪ್ರಿಲ್‌ನಿಂದ ಅದರ ವಿನಾಯಿತಿ ಮಿತಿ 7 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿ, ನಿರ್ದಿಷ್ಟ ಹಣಕಾಸು ಸಂಸ್ಥೆಗಳ ಶಿಕ್ಷಣ ಸಾಲದಿಂದ ಮಾಡುವ ರವಾನೆಗೆ ಸಂಗ್ರಹವೇ ತಪ್ಪಿತು. ದರವು ಬಜೆಟ್ಟಿನಲ್ಲಿ ಬದಲಾಗುವುದರಿಂದ ರವಾನೆಯ ದಿನದ ದರವನ್ನು ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು. ಹೀಗೆ ಸಂಗ್ರಹವಾದದ್ದು ಹೆಚ್ಚುವರಿ ತೆರಿಗೆಯಲ್ಲ; ರಿಟರ್ನ್ ಸಲ್ಲಿಸುವಾಗ ಜಮೆ ಸಿಗುತ್ತದೆ.

ವೀಸಾಕ್ಕಾಗಿ ತೋರಿಸಬೇಕಾದ ಜೀವನವೆಚ್ಚದ ಮೊತ್ತವನ್ನು 2025ರ ನವೆಂಬರ್ 11ರಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್ ಎಂದು ನಿಗದಿಪಡಿಸಲಾಯಿತು. ಒಂಬತ್ತು ತಿಂಗಳಿಗೆ ಲೆಕ್ಕ ಹಾಕಿದರೆ ಕ್ರಮವಾಗಿ 13,761 ಮತ್ತು 10,539 ಪೌಂಡ್ ಆಗುತ್ತದೆ. ಬಾಕಿ ಇರುವ ಮೊದಲ ವರ್ಷದ ಶುಲ್ಕ ಬೇರೆ. ಈ ಹಣವು ವಿದ್ಯಾರ್ಥಿಯ ಅಥವಾ ತಂದೆತಾಯಿಯರ ಸ್ವಂತ ಹೆಸರಿನ ಖಾತೆಯಲ್ಲಿ ಸತತ 28 ದಿನ ಇರತಕ್ಕದ್ದು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗುವ ಸಂಭವ ಉಂಟು. ವರ್ತಕರು ಎಡವುವುದು ಇಲ್ಲಿಯೇ. ಹಣವೆಲ್ಲ ಫರ್ಮಿನ ಚಾಲ್ತಿ ಖಾತೆಯಲ್ಲೋ ಓವರ್‌ಡ್ರಾಫ್ಟ್ ಮಿತಿಯಲ್ಲೋ ಇರುತ್ತದೆ; ಮಿತಿಯನ್ನು ಉಳಿತಾಯವೆಂದು ಯಾರೂ ಒಪ್ಪುವುದಿಲ್ಲ. ಸೆಪ್ಟೆಂಬರಿನ ಪ್ರವೇಶಕ್ಕೆ ಹಣ ಕೂಡಿಡಬೇಕಾದ ಜೂನ್–ಜುಲೈ ತಿಂಗಳುಗಳು ಬೀಜ, ಗೊಬ್ಬರ, ಕೊಡೆಗಳ ವ್ಯಾಪಾರಿಗಳಿಗೆ ಖರೀದಿಯ ಬಿರುಸಿನ ಕಾಲವೂ ಹೌದು.

ಫರ್ಮಿನಿಂದ ಸ್ವಂತ ಖಾತೆಗೆ ತಂದ ಹಣವನ್ನು ವ್ಯವಹಾರದ ಖರ್ಚೆಂದು ಬರೆಯುವ ಆಸೆ ಹಲವರಿಗಿದೆ. 1978ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ ಪತ್ರಿಕಾ ಕಂಪನಿಯೊಂದು ತನ್ನಲ್ಲಿ ತರಬೇತಿ ಪಡೆಯುತ್ತಿದ್ದವರನ್ನು ವಿದೇಶಕ್ಕೆ ಓದಲು ಕಳುಹಿಸಿದ ಖರ್ಚನ್ನು ಬೊಂಬಾಯಿ ಹೈಕೋರ್ಟು ಮಾನ್ಯ ಮಾಡಿದ್ದುಂಟು. ಅಲ್ಲಿ ಕಲಿಕೆಗೂ ಕಂಪನಿಯ ಉದ್ಯಮಕ್ಕೂ ನೇರ ಸಂಬಂಧವಿತ್ತು. ಮಗನೆಂಬ ಸಂಬಂಧ ಮಾತ್ರ ಇದ್ದು, ನೌಕರಿಯ ಕರಾರಾಗಲಿ ಇತರ ನೌಕರರಿಗೂ ಅನ್ವಯಿಸುವ ಯೋಜನೆಯಾಗಲಿ ಇಲ್ಲದಿದ್ದರೆ ಆ ತೀರ್ಪನ್ನು ಆಧಾರವಾಗಿ ಹಿಡಿಯಲಾಗದು. ಅಂಥ ಮೊತ್ತವು ಮಾಲೀಕನ ಅಥವಾ ಪಾಲುದಾರನ ಡ್ರಾಯಿಂಗ್ಸ್ ಖಾತೆಗೆ ಹೋಗತಕ್ಕದ್ದು.