ತಾತನ ರಿವಾಲ್ವರ್ ವಾರಸಿಗೆ ಬಂದಾಗ

ಮನೆಯ ಹಿರಿಯರು ತೀರಿಕೊಂಡ ಮೇಲೆ ಹೊಲ, ಮನೆ, ಒಡವೆಗಳ ಪಾಲಿನ ಮಾತು ಬೇಗ ಶುರುವಾಗುತ್ತದೆ. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ರಿವಾಲ್ವರ್ ಮಾತ್ರ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಸೇನೆಯಲ್ಲೋ ಪೊಲೀಸಿನಲ್ಲೋ ಇದ್ದವರು, ದೊಡ್ಡ ಹಿಡುವಳಿಯವರು ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ ಇಂಥ ಆಯುಧ ಆಂಧ್ರದ ಗಡಿ ಸೀಮೆಯ ಕಂಬದೂರು, ಕಲ್ಯಾಣದುರ್ಗ, ಹಿಂದೂಪುರದ ಯಾವ ಮನೆಯಲ್ಲಾದರೂ ಸಿಗಬಹುದು. ದೊಡ್ಡ ಮಗ ಅದನ್ನು ತನ್ನ ಬೀರುವಿಗೆ ಸಾಗಿಸಿ, ತಾತನ ನೆನಪಿಗೆ ಇರಲಿ ಅಂದುಕೊಳ್ಳುತ್ತಾನೆ. ತಪ್ಪು ಆಗುವುದು ಅಲ್ಲೇ. ರಿವಾಲ್ವರಿನ ಬೆಲೆ ವಾರಸುದಾರರಿಗೆ ಸೇರುತ್ತದೆ, ಅದನ್ನು ಇಟ್ಟುಕೊಳ್ಳುವ ಹಕ್ಕು ಸೇರುವುದಿಲ್ಲ. ಲೈಸೆನ್ಸ್ ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಆ ವ್ಯಕ್ತಿಯ ಜೊತೆಗೇ ಅದೂ ಮುಗಿಯುತ್ತದೆ. ಹಾಗಾಗಿ ಮೊದಲು ಠಾಣೆ, ಆಮೇಲೆ ಕಾಗದ, ಆಮೇಲೆ ತರಬೇತಿ, ಗುಂಡು ಹಾರಿಸುವುದು ಎಲ್ಲಕ್ಕಿಂತ ಕೊನೆಗೆ. ರಿವಾಲ್ವರಿನ ಬೋರು ದೊಡ್ಡದಾದಷ್ಟೂ ಈ ಕ್ರಮ ತಪ್ಪಿದ್ದಕ್ಕೆ ತೆರಬೇಕಾದ ದಂಡವೂ ದೊಡ್ಡದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಯಾವುದೇ ಕಾರಣಕ್ಕೆ ಆಯುಧವೊಂದನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿ ಉಳಿಯದೆ ಹೋದರೆ, ಅನಗತ್ಯವಾಗಿ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಗನ್ ಹೌಸಿಗೆ ಒಪ್ಪಿಸಬೇಕು. ತಿಥಿ ಮುಗಿಯಲಿ, ಪಾಲು ಆಗಲಿ ಎಂದು ಕಾಯುವುದು ಬೇಡ. ಹಾಗೆಂದು ರಿವಾಲ್ವರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವುದೂ ಸರಿಯಲ್ಲ. ಮೊದಲು ಠಾಣೆಗೆ ಫೋನು ಮಾಡಿ, ಮರಣ, ಲೈಸೆನ್ಸ್ ನಂಬರು, ಆಯುಧದ ನಂಬರು ತಿಳಿಸಿ ಒಂದು ಅರ್ಜಿ ಬರೆದು, ಅವರೇ ಬಂದು ಒಯ್ಯುತ್ತಾರೋ ನಾವೇ ತರಬೇಕೋ ಕೇಳಿಕೊಳ್ಳಬೇಕು. ಗುಂಡು ತುಂಬಿದೆಯೇ ಎಂದು ನೋಡಲು ಗೊತ್ತಿಲ್ಲದವರು ಅದನ್ನು ಮುಟ್ಟದೆ ಬೀಗ ಹಾಕಿ, ಬಂದ ಪೊಲೀಸರ ಕೈಯಲ್ಲೇ ತೆಗೆಸುವುದು ಒಳ್ಳೆಯದು. ಡಬ್ಬಿಯಲ್ಲಿ ಉಳಿದ ಗುಂಡುಗಳನ್ನೂ ಎಣಿಸಿ ಒಪ್ಪಿಸಬೇಕು. ರಿವಾಲ್ವರ್ ಕೊಟ್ಟು ಗುಂಡು ಮರೆತರೂ ಅಪರಾಧ ಅಪರಾಧವೇ. ರಸೀದಿಯಲ್ಲಿ ಕಂಪನಿಯ ಹೆಸರು, ಬೋರು, ನಂಬರು, ಗುಂಡಿನ ಎಣಿಕೆ ಎಲ್ಲ ಇರಲಿ.

ಠಾಣೆಗೆ ಹೋದ ಸಾಮಾನು ವಾಪಸು ಬರುತ್ತದೆಯೇ ಎಂಬ ಸಂಶಯ ನಮ್ಮ ಕಡೆ ಸಹಜ. ಬಂದರೂ ತುಕ್ಕು ಹಿಡಿದೇ ಬರುತ್ತದೆ ಎನ್ನುವವರಿದ್ದಾರೆ, ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಪರಿಹಾರ ಕಾಯ್ದೆಯಲ್ಲೇ ಇದೆ: ಗನ್ ಹೌಸಿನಲ್ಲಿ ಇಟ್ಟರೆ ಬಾಡಿಗೆ ಹೋಗುತ್ತದೆ, ಎಣ್ಣೆ ಒರೆಸಿ ನೋಡಿಕೊಳ್ಳುವವರು ಸಿಗುತ್ತಾರೆ. ಎಲ್ಲಿಟ್ಟರೂ ಒಡೆತನ ಹೋಗುವುದಿಲ್ಲ. ಲೈಸೆನ್ಸ್ ಪಡೆದು ವಾಪಸು ಕೇಳಬಹುದು, ಇಲ್ಲವೇ ಇಟ್ಟುಕೊಳ್ಳಲು ಅರ್ಹತೆ ಇರುವವರಿಗೆ ಮಾರಿ ಹಣ ಪಡೆಯಬಹುದು. ನಿಗದಿಯಾದ ಅವಧಿಯೊಳಗೆ ಇವೆರಡರಲ್ಲಿ ಒಂದನ್ನೂ ಮಾಡದೆ ಸುಮ್ಮನಿದ್ದರೆ ಮಾತ್ರ ಅದು ಸರ್ಕಾರದ ಪಾಲಾಗುತ್ತದೆ. ಯಾರಿಗೂ ಗೊತ್ತಿಲ್ಲವಲ್ಲ ಎಂದು ಮನೆಯಲ್ಲೇ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸಜೆ ಕಾದಿದೆ. ಯಾರಿಗೂ ಗೊತ್ತಿಲ್ಲ ಎನ್ನುವುದೂ ಸುಳ್ಳು. ಲೈಸೆನ್ಸಿನ ಮಾಹಿತಿ ಈಗ ರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆಯ ಸಮೇತ ದಾಖಲಾಗಿದೆ, ಠಾಣೆಯ ಪುಸ್ತಕದಲ್ಲಂತೂ ತಾತನ ಹೆಸರು ಮೊದಲಿನಿಂದಲೂ ಇದೆ. ಹಳೆಯ ಲೈಸೆನ್ಸೇ ಇಲ್ಲದ ರಿವಾಲ್ವರ್ ಅಟ್ಟದಲ್ಲಿ ಸಿಕ್ಕರೆ ವಿಷಯ ಬೇರೆ. ಆಗ ವಕೀಲರನ್ನು ಕಂಡು, ಅದೇ ದಿನ ಲಿಖಿತವಾಗಿ ಪೊಲೀಸರಿಗೆ ತಿಳಿಸಬೇಕು.

ಇನ್ನು ಬೋರಿನ ವಿಚಾರ. ಇಲ್ಲಿ ಹೆಚ್ಚಿನವರು ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ನಮ್ಮ ದೇಶದಲ್ಲಿ ಹಳೆಯ ಕಾಲದ ದೊಡ್ಡ ರಿವಾಲ್ವರ್ ಎಂದರೆ ಮೊದಲು ನೆನಪಾಗುವುದು ವೆಬ್ಲಿ. ಬ್ರಿಟಿಷ್ ಸೇನೆ 1887ರಲ್ಲಿ ವೆಬ್ಲಿಯನ್ನು ಒಪ್ಪಿಕೊಂಡಿತು, 1915ರಲ್ಲಿ ಅದರ ಆರನೇ ಮಾದರಿ ಬಂತು. .455 ಬೋರು, ಒಂದು ಕಿಲೋಗಿಂತ ತುಸು ಹೆಚ್ಚು ತೂಕ, ಹಿಂಬದಿಯ ಕೊಂಡಿ ಒತ್ತಿದರೆ ನಡುವಿಗೆ ಮಡಚಿಕೊಂಡು ಖಾಲಿ ತೋಟಾಗಳನ್ನು ಒಟ್ಟಿಗೆ ಹೊರಗೆ ಎತ್ತುವ ರಚನೆ. 1932ರಿಂದ ಸೇನೆ .380 ಬೋರಿನ ಎನ್‌ಫೀಲ್ಡಿಗೆ ಹೊರಳಿತು, 1947ರಲ್ಲಿ .455 ಸೇವೆಯಿಂದಲೇ ಹೋಯಿತು. ಆದರೆ ನಮ್ಮ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿ ಇವೆರಡನ್ನೂ ನಿಷೇಧಿತ ಬೋರುಗಳ ಸಾಲಿಗೆ ಸೇರಿಸಿದೆ. ಗನ್ ಹೌಸಿನವರ ಮಾತಿನಲ್ಲಿ ಇದು ಪಿಬಿ, ಉಳಿದದ್ದು ಎನ್‌ಪಿಬಿ. ಪಿಬಿ ಆಯುಧದ ತೀರ್ಮಾನ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ದೆಹಲಿಯ ಗೃಹ ಸಚಿವಾಲಯದ ಕೈಯಲ್ಲಿದೆ. ಅದರ ಗುಂಡುಗಳೂ ಪೇಟೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ನಳಿಗೆಯ ಮೇಲೆ ಕೊರೆದದ್ದನ್ನೂ ಹಳೇ ಲೈಸೆನ್ಸಿನಲ್ಲಿ ಬರೆದದ್ದನ್ನೂ ತಾಳೆ ನೋಡದೆ ಒಂದು ಹೆಜ್ಜೆಯೂ ಮುಂದೆ ಇಡಬಾರದು. ಎರಡೂ ಹೊಂದದಿದ್ದರೆ ಅದನ್ನು ಅರ್ಜಿಯಲ್ಲೇ ಹೇಳಿಕೊಳ್ಳುವುದು ಜಾಣತನ.

ಎನ್‌ಪಿಬಿ ಆಗಿದ್ದರೆ ದಾರಿ ಸ್ಪಷ್ಟವಾಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ಮೃತರ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಮಾಡಿದೆ. ಹೊಸದಾಗಿ ಲೈಸೆನ್ಸ್ ಕೇಳುವವರಂತೆ ಜೀವಭಯವನ್ನು ಸಾಬೀತು ಮಾಡಬೇಕಾದ ಕಷ್ಟ ಇಲ್ಲಿ ಕಡಿಮೆ, ಆದರೆ ಅರ್ಹತೆ ಇರಬೇಕು, ಪೊಲೀಸ್ ವರದಿಯಲ್ಲಿ ವಿರುದ್ಧ ಟಿಪ್ಪಣಿ ಇರಬಾರದು, ವಯಸ್ಸು 21 ತುಂಬಿರಬೇಕು. ಕಂಬದೂರಿನವರು ಸಾಮಾನ್ಯವಾಗಿ ಹೀಗೆ ಹೊರಡಬಹುದು: ಮರಣ ಪ್ರಮಾಣಪತ್ರ, ತಹಸೀಲ್ದಾರರಿಂದ ಕುಟುಂಬ ಸದಸ್ಯರ ಪ್ರಮಾಣಪತ್ರ, ಠೇವಣಿಯ ರಸೀದಿ, ಹಳೇ ಲೈಸೆನ್ಸು, ಉಳಿದ ವಾರಸುದಾರರ ನಿರಾಕ್ಷೇಪಣೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಾವಗಡಕ್ಕೋ ಮಡಕಶಿರಕ್ಕೋ ಮದುವೆಯಾಗಿ ಹೋದ ಅಕ್ಕನ ಸಹಿ ಇಲ್ಲದೆ ತಮ್ಮನ ಅರ್ಜಿ ನಿಲ್ಲುವುದಿಲ್ಲ. ಇದರ ಜೊತೆಗೆ ಎ-1 ನಮೂನೆಯ ಅರ್ಜಿ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಎರಡಾದ ಮೇಲೆ ಒಂದು ಗೊಂದಲ ಉಳಿದಿದೆ. ಕಂಬದೂರು, ಕಲ್ಯಾಣದುರ್ಗದವರ ಕಡತ ಅನಂತಪುರಕ್ಕೇ ಹೋಗುತ್ತದೆ, ಹಿಂದೂಪುರ, ಮಡಕಶಿರದವರದು ಈಗ ಪುಟ್ಟಪರ್ತಿಗೆ. ಹಳೇ ಲೈಸೆನ್ಸಿನ ಮೇಲೆ ಅನಂತಪುರದ ಮೊಹರು ಇದೆಯೆಂದು ಹಿಂದೂಪುರದವರು ಅಲ್ಲಿಗೆ ಅಲೆಯುವುದು ಬೇಡ. ಇನ್ನೊಂದು ಮಿತಿಯನ್ನೂ ನೋಡಿಕೊಳ್ಳಬೇಕು: 2019ರಿಂದ ಒಬ್ಬರಿಗೆ ಎರಡೇ ಆಯುಧ, ವಾರಸಿನದೂ ಆ ಎರಡರೊಳಗೇ ಲೆಕ್ಕ.

ಇಷ್ಟೆಲ್ಲ ಮಾಡಿ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಕಾಗದ ಓಡಾಡಿಸುವ ಮೊದಲೇ ಕೇಳಿಕೊಳ್ಳಬೇಕು. ಒಂಟಿ ಮನೆ, ತೋಟದ ಕಾವಲು, ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿ, ಗುಡ್ಡದಿಂದಿಳಿಯುವ ಕರಡಿ, ಇವೇ ಸಾಮಾನ್ಯವಾಗಿ ಕೊಡುವ ಕಾರಣಗಳು. ಕರಡಿ, ಹಂದಿ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬೆಳೆ ಉಳಿಸಿಕೊಳ್ಳಲೆಂದು ನಾವಾಗಿಯೇ ಗುಂಡು ಹೊಡೆಯುವಂತಿಲ್ಲ. ಕತ್ತಲಲ್ಲಿ ರಿವಾಲ್ವರಿನಿಂದ ಗಾಯಗೊಂಡ ಕರಡಿ ಮೊದಲಿಗಿಂತ ಅಪಾಯಕಾರಿ ಎಂಬುದು ಬೇರೆ ಮಾತು. ಕಳ್ಳರ ವಿಷಯದಲ್ಲೂ ಭಾರತೀಯ ನ್ಯಾಯ ಸಂಹಿತೆಯ ಆತ್ಮರಕ್ಷಣೆಯ ಕಲಂಗಳು, 34ರಿಂದ 44ರವರೆಗೆ, ಪ್ರಾಣ ತೆಗೆಯುವ ಹಕ್ಕನ್ನು ಬಹಳ ಕಿರಿದಾಗಿ ಕಟ್ಟಿಹಾಕಿವೆ. ಬೋರು ದೊಡ್ಡದಾದರೆ ಕೆಲಸ ಸುಲಭ ಎಂಬ ವಾದವಂತೂ ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ನಾಗರಿಕರ ಕೈಯಲ್ಲಿ ಹೆಚ್ಚಾಗಿ ಕಾಣುವ .32 ರಿವಾಲ್ವರಿನ ಗುಂಡು ನಳಿಗೆ ಬಿಡುವಾಗ ಸುಮಾರು 150 ಜೂಲ್ ಶಕ್ತಿ ಹೊತ್ತಿರುತ್ತದೆ, .455 ವೆಬ್ಲಿಯದು ಸುಮಾರು 300, 1955ರ ಹೊತ್ತಿಗೆ ಅಮೆರಿಕದಲ್ಲಿ ಬಂದ .44 ಮ್ಯಾಗ್ನಮ್ಮಿನದು 1,300ನ್ನು ದಾಟುತ್ತದೆ. ಆ ಶಕ್ತಿ ಗುರಿಯ ಕಡೆಗಷ್ಟೇ ಹೋಗುವುದಿಲ್ಲ, ಮಣಿಕಟ್ಟಿಗೂ ಬಡಿಯುತ್ತದೆ. ಎರಡನೇ ಗುಂಡಿಗೆ ಕೈ ಮತ್ತೆ ಗುರಿಗೆ ಬರುವಷ್ಟರಲ್ಲಿ ಹೊತ್ತಾಗುತ್ತದೆ. ಗುರಿ ತಪ್ಪಿದ ಗುಂಡು ಬಾಗಿಲ ಹಲಗೆ ತೂರಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ತಾಕಬಹುದು. ಅಭ್ಯಾಸ ಮಾಡಲು ಗುಂಡೇ ಸಿಗದ ಆಯುಧ ಕಷ್ಟಕಾಲಕ್ಕೆ ಒದಗುವುದಿಲ್ಲ. ವೆಬ್ಲಿ ವಾರಸಿಗೆ ಬಂದವರಿಗೆ ನನ್ನ ಸಲಹೆ ನೇರ: ಅದನ್ನು ಕಾನೂನಿನ ದಾರಿಯಲ್ಲಿ ಬಿಟ್ಟುಕೊಡಿ, ತಾತನ ನೆನಪಿಗೆ ಫೋಟೋ ಸಾಕು. .357, .44ರಂಥ ವಿದೇಶಿ ರಿವಾಲ್ವರ್ ಬಂದವರು ಮಾರುವ ಲೆಕ್ಕವನ್ನೂ ಹಾಕಬೇಕು. 1980ರ ದಶಕದ ನಡುವಿನಿಂದ ಆಮದು ಹೆಚ್ಚುಕಡಿಮೆ ನಿಂತಿರುವುದರಿಂದ ಲೈಸೆನ್ಸ್ ಇದ್ದವರ ನಡುವೆ ಇವು ಹಲವು ಲಕ್ಷಕ್ಕೆ ಕೈ ಬದಲಾಗುತ್ತವೆ.

ಇಟ್ಟುಕೊಳ್ಳಲೇಬೇಕು ಎಂದು ತೀರ್ಮಾನಿಸಿದವರು ಕಲಿಯುವುದನ್ನು ಸ್ವಂತ ಹೊಲದಲ್ಲೋ ಕೆರೆ ಅಂಗಳದಲ್ಲೋ ಶುರು ಮಾಡಬಾರದು. ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ, ತಿಳಿದವರ ಎದುರಲ್ಲೇ ಕಲಿಯಬೇಕು. ಕರ್ನಾಟಕದಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ, ಬೆಂಗಳೂರಿನಲ್ಲಿ ರಾಜ್ಯ ರೈಫಲ್ ಸಂಸ್ಥೆ ಇದೆ. ಆಂಧ್ರದವರು ತಮ್ಮ ಅರ್ಜಿಗೆ ಯಾವ ಸಂಸ್ಥೆಯ ಪ್ರಮಾಣಪತ್ರ ನಡೆಯುತ್ತದೆ ಎಂದು ಕಲೆಕ್ಟರ್ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಸೇರಬೇಕು. ಶುರುವಿನಲ್ಲಿ ದೊಡ್ಡ ಬೋರು ಮುಟ್ಟಬೇಡಿ. .22 ಪಿಸ್ತೂಲಿನಲ್ಲಿ ನಿಲುವು, ಹಿಡಿತ, ಉಸಿರು ಕೂರಿಸಿಕೊಂಡ ಮೇಲೆ ಮುಂದಕ್ಕೆ. .357 ರಿವಾಲ್ವರಿನಲ್ಲಿ .38 ಸ್ಪೆಷಲ್ ಗುಂಡೂ, .44 ಮ್ಯಾಗ್ನಮ್ಮಿನಲ್ಲಿ .44 ಸ್ಪೆಷಲ್ ಗುಂಡೂ ಹೋಗುತ್ತವೆ. ಇವು ಮೃದು, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಆದರೆ ಆ ಗುಂಡು ಲೈಸೆನ್ಸಿನಲ್ಲಿ ಬರೆದದ್ದಕ್ಕೆ ಒಳಪಡುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಬಗೆಹರಿಸಿಕೊಳ್ಳಬೇಕು. ದಶಕಗಟ್ಟಲೆ ಬಿದ್ದಿದ್ದ ಆಯುಧವನ್ನು ಆರ್ಮರರ್ ಒಬ್ಬರಿಗೆ ತೋರಿಸದೆ, ಡಬ್ಬಿಯಲ್ಲಿದ್ದ ಹಳೇ ಗುಂಡನ್ನು ಹಾಕಿ ಹಾರಿಸುವುದು ಮೂರ್ಖತನ.

ಹಿಡಿಯುವ ರೀತಿಯಲ್ಲಿ ರಿವಾಲ್ವರಿಗೇ ವಿಶೇಷವಾದ ಒಂದೆರಡು ಸಂಗತಿಗಳಿವೆ. ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಗುಂಡು ಹಾರುವಾಗ ಅಲ್ಲಿಂದ ಎರಡೂ ಪಕ್ಕಕ್ಕೆ ಬಿಸಿ ಅನಿಲ ಚಿಮ್ಮುತ್ತದೆ. ದೊಡ್ಡ ಬೋರಿನಲ್ಲಿ ಅದು ಬೆರಳಿನ ಚರ್ಮ ಸೀಳುವಷ್ಟು ಬಲವಾಗಿರುತ್ತದೆ. ಆದ್ದರಿಂದ ಎಡಗೈ ಬಲಗೈಯ ಬೆರಳುಗಳ ಮೇಲೆ ಸುತ್ತಿರಬೇಕು, ಹೆಬ್ಬೆರಳಾಗಲಿ ತೋರುಬೆರಳಾಗಲಿ ಸಿಲಿಂಡರಿನ ಮುಂದಕ್ಕೆ ಹೋಗಬಾರದು. ಹ್ಯಾಮರ್ ಎಳೆದಿಟ್ಟರೆ ಟ್ರಿಗರ್ ಬಹಳ ಹಗುರಾಗುತ್ತದೆ, ಹೊಸಬರು ಅದನ್ನೇ ಇಷ್ಟಪಡುತ್ತಾರೆ, ಬೇಡದಾಗ ಗುಂಡು ಹಾರಿಸಿಬಿಡುವುದೂ ಅದರಿಂದಲೇ. ಎಳೆದಿಟ್ಟ ಹ್ಯಾಮರನ್ನು ಮೆಲ್ಲಗೆ ಇಳಿಸುವುದನ್ನು ಖಾಲಿ ಆಯುಧದಲ್ಲಿ ಅಭ್ಯಾಸ ಮಾಡಿದ ಮೇಲೆ ಮಾತ್ರ ಗುಂಡು ತುಂಬಬೇಕು. ಹಳೆಯ ಮಾದರಿಗಳಲ್ಲಿ ಹ್ಯಾಮರ್ ತಡೆಯುವ ಕೊಂಡಿ ಇರದಿದ್ದರೆ ಹ್ಯಾಮರಿನ ಕೆಳಗಿನ ಕೋಣೆ ಖಾಲಿಯೇ ಇರಲಿ. ಭಯದಿಂದ ಕಣ್ಣು ಮುಚ್ಚಿ ಕೈ ಜಗ್ಗುವ ಚಾಳಿಯನ್ನು ಕಂಡುಹಿಡಿಯಲು ತರಬೇತಿದಾರರು ಒಂದೆರಡು ಕೋಣೆಗಳಲ್ಲಿ ಡಮ್ಮಿ ಗುಂಡು ಹಾಕಿಕೊಡುತ್ತಾರೆ. ಗುಂಡು ಹಾರದಿದ್ದಾಗಲೂ ನಳಿಗೆ ತಗ್ಗಿದರೆ ಬೋರು ಬದಲಾಯಿಸುವ ಸಮಯ ಬಂದಿಲ್ಲ ಎಂದರ್ಥ. ಟ್ರಿಗರ್ ಒತ್ತಿಯೂ ಗುಂಡು ಸಿಡಿಯದಿದ್ದರೆ ಕನಿಷ್ಠ 30 ಸೆಕೆಂಡು ನಳಿಗೆ ಗುರಿಯತ್ತಲೇ ಇರಲಿ, ಅದು ತಡವಾಗಿ ಸಿಡಿಯಬಹುದು. ಸದ್ದು ಎಂದಿಗಿಂತ ಪುಸ್ಸೆಂದರೆ ನಿಲ್ಲಿಸಬೇಕು, ಗುಂಡು ನಳಿಗೆಯೊಳಗೇ ಸಿಕ್ಕಿರಬಹುದು, ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆಯೇ ಒಡೆಯುತ್ತದೆ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಇಲ್ಲದೆ ಒಂದೇ ಒಂದು ಗುಂಡೂ ಬೇಡ. ಮ್ಯಾಗ್ನಮ್ಮಿನ ಒಂದು ಸದ್ದೇ ಕಿವಿಗೆ ಶಾಶ್ವತ ಪೆಟ್ಟು ಕೊಡಬಲ್ಲದು.

ಮನೆಯಲ್ಲಿ ರಿವಾಲ್ವರ್ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರಲಿ, ಕೀಲಿ ಲೈಸೆನ್ಸ್ ಇರುವವರ ಬಳಿ ಮಾತ್ರ. ಗಡಿನಾಡಿನವರು ಇನ್ನೊಂದನ್ನು ನೆನಪಿಡಬೇಕು. ಕಂಬದೂರಿನಿಂದ ಪಾವಗಡಕ್ಕೆ ಸಂತೆಗೆ ಹೋಗಿಬರುವುದು ನಮಗೆ ಊರೊಳಗಿನ ಓಡಾಟವೇ. ಲೈಸೆನ್ಸಿಗೆ ಮಾತ್ರ ಅದು ಬೇರೆ ರಾಜ್ಯ. ಅದರಲ್ಲಿ ಬರೆದ ವ್ಯಾಪ್ತಿ ಆಂಧ್ರಕ್ಕಷ್ಟೇ ಇದ್ದರೆ ಗಡಿ ದಾಟಿದ ಕ್ಷಣಕ್ಕೆ ಷರತ್ತು ಮುರಿದಂತೆ. ಕೊಡಗಿನವರು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುತ್ತಾರಲ್ಲ ಎನ್ನುವವರಿಗೆ: ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಪ್ರತ್ಯೇಕವಾಗಿ ಕೊಟ್ಟದ್ದು, ನಮಗೆ ಅನ್ವಯಿಸುವುದಿಲ್ಲ. ಚುನಾವಣೆ ಬಂದಾಗ ಆಯುಧ ಠೇವಣಿ ಮಾಡಲು ಆದೇಶ ಬರುತ್ತದೆ, ಆಗ ಮತ್ತೆ ರಸೀದಿ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಯಾರ ಜೀವಕ್ಕಾದರೂ ಅಪಾಯ ತಂದರೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸ್ ಈಗ 5 ವರ್ಷಕ್ಕೊಮ್ಮೆ ನವೀಕರಣ.

ಮನೆಯಲ್ಲಿ ಲೈಸೆನ್ಸ್‌ದಾರರು ಇನ್ನೂ ಗಟ್ಟಿಯಾಗಿರುವವರಿಗೆ ಇದೇ 25ನೇ ನಿಯಮದಲ್ಲಿ ಸುಲಭದ ದಾರಿ ಇದೆ. ಅವರಿಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧ ಅವರ ಬಳಿ 25 ವರ್ಷದಿಂದ ಇದ್ದರೆ, ಅವರೇ ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಿ ಲೈಸೆನ್ಸ್ ಕೊಡಿಸಬಹುದು. ಆಗ ಮರಣ ಪ್ರಮಾಣಪತ್ರವೂ ಬೇಡ, ಲೈಸೆನ್ಸ್ ಇಲ್ಲದ ರಿವಾಲ್ವರ್ ಮನೆಯಲ್ಲಿ ಉಳಿದ ಭಯವೂ ಇರುವುದಿಲ್ಲ. ಯಾರಿಗೆ ಕೊಡುವುದು ಎಂಬ ಜಗಳವಿದ್ದರೆ ಅದನ್ನು ಹಿರಿಯರೇ ಕೂತು ಬಗೆಹರಿಸಬಹುದು. ಯಾರಿಗೂ ಬೇಡವೆಂದರೆ ಮಾರಾಟದ ಕಾಗದಕ್ಕೆ ಸಹಿ ಹಾಕಲು ಅವರೇ ಇರುತ್ತಾರೆ.