ಉಸಿರಿನ ಲೆಕ್ಕ

ವಿದ್ಯಾರ್ಥಿಗಳೊಡನೆ ಸಿಂಹಗಡವನ್ನೇರುವಾಗ ನಮಗೆಲ್ಲ ಏದುಸಿರು ಬರುವುದು. "ಮೇಲೆ ಗಾಳಿ ವಿರಳ, ಅದಕ್ಕೇ ಹೀಗೆ" ಎಂದು ಹಲವರು ಹೇಳುವುದುಂಟು. ಪುಣೆಯು ಸಮುದ್ರಮಟ್ಟದಿಂದ ಸುಮಾರು 560 ಮೀಟರು, ಗಡವು ಸುಮಾರು 1,300 ಮೀಟರು ಎತ್ತರದಲ್ಲಿವೆ. ಗಾಳಿ ತುಸು ವಿರಳವಾಗುವುದು ನಿಜವೇ. ಆದರೆ ಮೇಲೇರಿ ಸ್ವಲ್ಪ ಹೊತ್ತು ಕುಳಿತರೆ ಉಸಿರು ತಾನಾಗಿ ಶಾಂತವಾಗುವುದಷ್ಟೆ? ಗಾಳಿ ಅದೇ, ಎತ್ತರವೂ ಅದೇ. ಆದುದರಿಂದ ಮುಖ್ಯ ಕಾರಣವನ್ನು ನಮ್ಮ ದೇಹದಲ್ಲಿಯೇ ಅರಸಬೇಕು.

ವಯಸ್ಕ ಪುರುಷನ ಶ್ವಾಸಕೋಶಗಳು ಪೂರ್ಣ ತುಂಬಿದಾಗ ಸುಮಾರು 6 ಲೀಟರು ಗಾಳಿಯನ್ನು ಹಿಡಿಯುತ್ತವೆ. ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಒಳಹೋಗುವುದು ಅರ್ಧ ಲೀಟರು ಮಾತ್ರ. ಎಷ್ಟು ಬಲದಿಂದ ಹೊರದೂಡಿದರೂ ಒಂದು ಲೀಟರಿಗೆ ಮಿಕ್ಕ ಗಾಳಿ ಒಳಗೇ ಉಳಿಯುತ್ತದೆ. ಕೋಟಿಗಟ್ಟಲೆ ಪುಟ್ಟ ವಾಯುಕೋಶಗಳಲ್ಲಿ ಈ ಗಾಳಿಗೂ ರಕ್ತಕ್ಕೂ ಕೊಡುಕೊಳ್ಳುವಿಕೆ ನಡೆಯುವುದು. ಒಳಗೆಳೆದ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಬಿಟ್ಟ ಉಸಿರಿನಲ್ಲಿ ಸುಮಾರು 16 ಪಾಲು ಆಮ್ಲಜನಕ, 4 ಪಾಲು ಇಂಗಾಲಾಮ್ಲ.

ಉಸಿರಾಡೆಂದು ಆಜ್ಞೆ ಕೊಡುವುದು ಮಿದುಳಿನ ಬುಡ. ಅದು ಮುಖ್ಯವಾಗಿ ಗಮನಿಸುವುದು ಆಮ್ಲಜನಕದ ಕೊರತೆಯನ್ನಲ್ಲ, ಇಂಗಾಲಾಮ್ಲದ ಹೆಚ್ಚಳವನ್ನು. ಗಡವೇರುವಾಗ ಕಾಲಿನ ಸ್ನಾಯುಗಳು ಹೆಚ್ಚು ಆಮ್ಲಜನಕವನ್ನು ಬಳಸಿ ಹೆಚ್ಚು ಇಂಗಾಲಾಮ್ಲವನ್ನು ಉತ್ಪತ್ತಿಮಾಡುತ್ತವೆ. ಅದನ್ನು ಹೊರಹಾಕಲು ಉಸಿರು ವೇಗಗೊಳ್ಳುತ್ತದೆ. ಉಸಿರು ಬಿಗಿಹಿಡಿದಾಗ ಆಗುವ ಚಡಪಡಿಕೆಯೂ ಇದೇ ವಾಯುವಿನ ಎಚ್ಚರಿಕೆ.

ಈ ವಿಷಯವು ಕೇವಲ ಪರೀಕ್ಷೆಗೆ ಬೇಕಾದುದಲ್ಲ. ರಜೆಯಲ್ಲಿ ಊರಿಗೆ ಹೋದ ಹುಡುಗರು ಬಾವಿಯಲ್ಲಿ ಮುಳುಗುವ ಪಂದ್ಯ ಕಟ್ಟುತ್ತಾರೆ. ಮುಳುಗುವ ಮುನ್ನ ಹತ್ತಾರು ಬಾರಿ ದೀರ್ಘವಾಗಿ, ಬೇಗಬೇಗನೆ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ನೀರೊಳಗಿರಬಹುದೆಂದು ಅವರ ನಂಬಿಕೆ. ಆದರೆ ರಕ್ತವು ಮೊದಲೇ ಆಮ್ಲಜನಕದಿಂದ ಬಹುಮಟ್ಟಿಗೆ ತುಂಬಿರುತ್ತದೆ. ಹೀಗೆ ಮಾಡಿದರೆ ಅದು ಅಷ್ಟೇನೂ ಹೆಚ್ಚದು. ಕಡಿಮೆಯಾಗುವುದು ಇಂಗಾಲಾಮ್ಲ, ಎಂದರೆ ಎಚ್ಚರಿಸುವ ಕಾವಲುಗಾರ. ಚಡಪಡಿಕೆ ಹುಟ್ಟುವ ಮೊದಲೇ ಮಿದುಳಿಗೆ ಆಮ್ಲಜನಕ ಸಾಲದೆ, ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ನೀರೊಳಗೆ ಪ್ರಜ್ಞೆ ತಪ್ಪಿದವನು ಕೂಗಲಾರ, ಕೈ ಬೀಸಲಾರ. ಚೆನ್ನಾಗಿ ಈಜಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಬಾಲ್ಯದಲ್ಲಿ ನಾವೂ ಊರ ಬಾವಿಯಲ್ಲಿ ಇದೇ ಆಟವಾಡಿದ್ದೆವು. ಬದುಕಿ ಉಳಿದುದು ನಮ್ಮ ಅದೃಷ್ಟ, ಜಾಣತನವಲ್ಲ. ನೀವು ಅದೃಷ್ಟವನ್ನು ನಂಬಬೇಡಿರಿ. ಈಜಿರಿ, ಹಿರಿಯರ ಕಣ್ಣೆದುರು ಈಜಿರಿ. ಆದರೆ ಉಸಿರು ಬಿಗಿಹಿಡಿಯುವ ಪಂದ್ಯವನ್ನು ನೀರಿನಲ್ಲಿ ಎಂದಿಗೂ ಕಟ್ಟಬೇಡಿರಿ.